ಸುದ್ದಿ ಒಯ್ಯುವವನ ಆಟ

ಸಾವಿನ ಸುದ್ದಿ ಹೇಳುವುದಕ್ಕೂ ಒಂದು ಕ್ರಮವಿದೆ ಅಂತ ನನಗೆ ಹೇಳಿಕೊಟ್ಟವಳು ನನ್ನ ಸೋದರತ್ತೆ.

"ಉಣ್ಣೋಕೆ ಕೂತವರಿಗೆ ಹೇಳಬಾರದು ಕಣೋ, ಕೈ ತೊಳೆಯೋ ತನಕ ಕಾಯಬೇಕು. ಬಸುರಿ ಹೆಂಗಸು ಇದ್ದರೆ ಏನಾದರೂ ನೆಪ ಹೇಳಿ ಹಿತ್ತಲಿಗೆ ಕಳಿಸಬೇಕು. ಮೊದಲು ಕಾಯಿಲೆ ಜೋರಾಗಿದೆ ಅನ್ನಬೇಕು. ಆಮೇಲೆ ಉಳಿಯೋದು ಕಷ್ಟ ಅನ್ನಬೇಕು. ಹೋಗಿಬಿಟ್ಟರಾ ಅಂತ ಅವರೇ ಕೇಳಿದ ಮೇಲೆ ತಲೆ ತಗ್ಗಿಸಿ ಹೂಂ ಅಂದರೆ ಸಾಕು."

ಮೊರದಲ್ಲಿ ಅಕ್ಕಿ ಆರಿಸುತ್ತಾ ಇದನ್ನೆಲ್ಲ ಹೇಳುವಳು. ಕಲ್ಲು ಸಿಕ್ಕಿದರೆ ಮಾತು ನಿಲ್ಲಿಸಿ, ಅದನ್ನು ಅಂಗಳಕ್ಕೆ ಎಸೆದು, ಬಿಟ್ಟ ಕಡೆಯಿಂದ ಮತ್ತೆ ಹಿಡಿಯುವಳು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡ ಹೋದ. ಆಗ ಅವಳು ಹೊಳೆನರಸೀಪುರದ ತವರಿನಲ್ಲಿ ಇದ್ದಳು. ಆಮೇಲೂ ಅಲ್ಲೇ ಉಳಿದಳು. ನನ್ನನ್ನು ಎತ್ತಿ ಆಡಿಸಿದವಳು ಅವಳು, ನನ್ನ ನಾಲಿಗೆಗೆ ಕನ್ನಡ ಹಚ್ಚಿದವಳೂ ಅವಳೇ. ಇವತ್ತು ನಾನು ಬರೆಯುವ ಸಾಲಿನಲ್ಲಿ ಎಲ್ಲಾದರೂ ಒಂದು ಒಳ್ಳೆಯ ಮಾತು ಕಂಡರೆ ಅದು ಅವಳ ಮೊರದಿಂದ ಬಿದ್ದದ್ದು ಅಂತ ತಿಳಿಯಿರಿ.

ಅವಳ ಗಂಡನ ಮನೆ ಚನ್ನರಾಯಪಟ್ಟಣ. ಅಳಿಯನಿಗೆ ಜ್ವರ ಅಂತ ತಿಳಿದು, ನೋಡಿಕೊಂಡು ಬಾ ಅಂತ ನಮ್ಮ ತಾತ ಒಬ್ಬ ಆಳನ್ನು ಕಳಿಸಿದ್ದರು. ಹಳೇಕೋಟೆ ಕಡೆಯವನು, ನಮ್ಮ ಗದ್ದೆ ಕೆಲಸ ನೋಡುತ್ತಿದ್ದವನು. ಫೋನಿಲ್ಲದ ಕಾಲ. ನಮ್ಮ ಮನೆಯಲ್ಲಿ ಯಾರಿಗೆ ಏನಾದರೂ ನಾಲ್ಕಾರು ಊರಿನ ನೆಂಟರಿಗೆ ನಡೆದು ಹೋಗಿ ಸುದ್ದಿ ಮುಟ್ಟಿಸುತ್ತಿದ್ದವನು ಅವನೇ. ಅತ್ತೆಗೆ ಗಂಡ ಹೋದ ಸುದ್ದಿ ತಂದವನೂ ಅವನೇ. ಆ ದಿನದ ಬಗ್ಗೆ ಅವಳು ಒಂದೇ ಒಂದು ಸಲ ಮಾತಾಡಿದ್ದು ನನಗೆ ನೆನಪಿದೆ. "ಅವನೇ ಬಂದು ಹೇಳಿದ. ಮೆಲ್ಲಗೆ ಹೇಳಿದ." ಅಷ್ಟೆ.

ಆ ಎರಡು ಮಾತಿನ ಮೇಲೆ ನಾನು ಒಂದು ಕಂಪ್ಯೂಟರ್ ಆಟ ಕಟ್ಟಿದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ನರಸೀಪುರದ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರು. ಹಾಸನದಿಂದ ಯಾರೋ ಬಳಸಿ ಬಿಟ್ಟ ಒಂದು ಕಂಪ್ಯೂಟರ್ ತಂದು ನಡುಮನೆಯಲ್ಲಿ ಇಟ್ಟುಕೊಂಡಿದ್ದೆ. ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ, ಆಟಗಳನ್ನು ನಾವೇ ಕಟ್ಟಿಕೊಳ್ಳಬಹುದಾದ ಸಾಫ್ಟ್‌ವೇರ್ ಇತ್ತು. ಒಬ್ಬರ ವೇಷ ಹಾಕಿಕೊಂಡು, ಅವರಾಗಿ ಊರೂರು ತಿರುಗಿ, ಎದುರಾದವರ ಹತ್ತಿರ ಮಾತಾಡಿ, ಏನು ಹೇಳಬೇಕು ಏನು ಬಿಡಬೇಕು ಅಂತ ನಾವೇ ಆರಿಸಿಕೊಳ್ಳುವ ಆಟಗಳು. ರೋಲ್ ಪ್ಲೇಯಿಂಗ್ ಗೇಮ್ ಅಂತ ಅದಕ್ಕೆ ಹೆಸರು. ಕತ್ತಿ, ರಾಕ್ಷಸ, ನಿಧಿ ಇವು ಅದರ ವಾಡಿಕೆ. ನನ್ನ ಆಟದಲ್ಲಿ ಇವು ಯಾವುವೂ ಇರಲಿಲ್ಲ. ಆಡುವವರು ಸುದ್ದಿ ಒಯ್ಯುವವರಾಗಬೇಕು. ಚನ್ನರಾಯಪಟ್ಟಣದಲ್ಲಿ ಒಬ್ಬ ಹುಡುಗ ಸತ್ತಿದ್ದಾನೆ. ನುಗ್ಗೇಹಳ್ಳಿ, ಹಾಸನ, ಅರಕಲಗೂಡಿನ ಮನೆಗಳಿಗೆ ಹೇಳಿ, ಕೊನೆಗೆ ನರಸೀಪುರದಲ್ಲಿ ಹುಡುಗನ ಹೆಂಡತಿ ಇರುವ ಮನೆಗೆ ಬರಬೇಕು. ಹೇಳುವ ಕ್ರಮ ತಪ್ಪಿದರೆ ಆ ಮನೆಯವರು ಮಣ್ಣಿಗೆ ಬರುವುದಿಲ್ಲ. ಕೊನೆಯ ಮನೆ ನಮ್ಮದೇ. ಆ ಹುಡುಗಿ ನಮ್ಮತ್ತೆಯೇ.

ಆ ಸಾಫ್ಟ್‌ವೇರಿಗೆ ಕನ್ನಡ ಬರುತ್ತಿರಲಿಲ್ಲ. ಒತ್ತಕ್ಷರ ಬಂದರೆ ಚೌಕಗಳನ್ನು ಚೆಲ್ಲುತ್ತಿತ್ತು. ಹಾಗಾಗಿ ಪ್ರತಿ ಮಾತನ್ನೂ ಚಿತ್ರದ ಹಾಗೆ ಮೌಸಿನಲ್ಲಿ ಬರೆದು ಅಂಟಿಸುತ್ತಿದ್ದೆ. ಯಾರಾದರೂ 'ಈ ಸಾಲು ಬದಲಾಯಿಸಿ' ಅಂದರೆ ಆ ಚಿತ್ರವನ್ನೇ ಮೊದಲಿಂದ ಬರೆಯಬೇಕು. ಇನ್ನೊಬ್ಬರ ಅಭಿಪ್ರಾಯ ಅಂದರೆ ನನಗೆ ಬೆರಳು ನೋವು ಅಂತಲೇ ಅರ್ಥ. ಆದರೂ ಅಭಿಪ್ರಾಯ ಬೇಕಿತ್ತು. ಮೂರು ವರ್ಷ ಒಬ್ಬನೇ ಕೂತು ಬರೆದವನಿಗೆ, ಬರೆದದ್ದು ಕಣ್ಣಿಗೆ ಕಾಣುವುದು ನಿಂತು ಹೋಗಿರುತ್ತದೆ.

ಭಾನುವಾರ ಬೆಳಗ್ಗೆ ಸ್ನೇಹಿತರನ್ನು ಕರೆದು ಕೂರಿಸುತ್ತಿದ್ದೆ. ನನ್ನ ಹೆಂಡತಿ ಉಪ್ಪಿಟ್ಟು, ಕಾಫಿ ಕೊಡುವಳು. ತಿಂದು, ಕುಡಿದು, ಒಂದು ಗಂಟೆ ಆಡಿ, "ಚೆನ್ನಾಗಿದೆ ಮೇಷ್ಟ್ರೇ, ಬಹಳ ಚೆನ್ನಾಗಿದೆ" ಅಂದು ಎದ್ದು ಹೋಗುವರು. ಆರು ತಿಂಗಳು ಹೀಗೇ ನಡೆಯಿತು. ಒಬ್ಬರೂ ಒಂದು ತಪ್ಪು ಹೇಳಲಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುವುದು ನಮ್ಮ ಕಡೆ ಗಾದೆ ಮಾತ್ರ ಅಲ್ಲ, ನಡವಳಿಕೆ. ಉಪ್ಪಿಟ್ಟು ತಿಂದ ಬಾಯಲ್ಲಿ ಆ ಮನೆಯ ಆಟ ಬೇಸರ ಬಂತು ಅಂತ ಹೇಗೆ ಹೇಳುತ್ತಾರೆ? ಲೆಕ್ಕದ ಮೇಷ್ಟ್ರಾದ ನನಗೆ ಈ ಲೆಕ್ಕ ಹೊಳೆಯಲು ಆರು ತಿಂಗಳು ಬೇಕಾಯಿತು.

ಆಮೇಲೆ ಸಿ.ಡಿ. ಹಿಡಿದು ಚನ್ನರಾಯಪಟ್ಟಣಕ್ಕೆ ಹೋದೆ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸೈಬರ್ ಕೆಫೆ ಇತ್ತು. ಅದನ್ನು ನಡೆಸುತ್ತಿದ್ದವರಿಗೆ ನನ್ನ ಪರಿಚಯವಿಲ್ಲ, ನನ್ನ ಮನೆಯ ಉಪ್ಪಿನ ಋಣವೂ ಇಲ್ಲ. ಆಟ ಹಾಕಿ, ಹತ್ತು ನಿಮಿಷ ನೋಡಿ, ನನ್ನ ಕಡೆ ತಿರುಗಿದರು.

"ಇದ್ರಲ್ಲಿ ಯಾವಾಗ ಹೊಡೀಬೇಕು ಸಾ?"

"ಯಾರನ್ನೂ ಹೊಡೆಯೋದಿಲ್ಲ."

"ಸಾಯ್ಸೋದು?"

"ಸತ್ತಾಗಿದೆ. ಅದನ್ನ ಹೇಳೋಕೆ ಹೋಗೋದು."

ಅವರು ಮೌಸಿನಿಂದ ಕೈ ತೆಗೆದರು. "ಸಾ, ಜನ ಇಲ್ಲಿಗೆ ಬರೋದು ಮನೇಲಿರೋ ತಾಪತ್ರಯ ಮರೆಯಕ್ಕೆ. ನೀವು ಸಾವಿನ ಮನೆಗೆ ಕರ್ಕೊಂಡೋದ್ರೆ ಹೆಂಗೆ? ದಾರೀಲಿ ಒಂದು ಚಿರತೆನಾದ್ರೂ ಬಿಡಿ."

ಅವಮಾನವಾಯಿತು. ಆದರೆ ಬಸ್ಸಿನಲ್ಲಿ ಬರುತ್ತಾ, ಒಂದು ಚಿರತೆ ಬಿಟ್ಟರೆ ತಪ್ಪೇನು ಅನ್ನಿಸಿತು. ಎರಡು ತಿಂಗಳು ಕೂತು ಚಿರತೆ ಬರೆದೆ. ಚಿರತೆ ಚೆನ್ನಾಗಿಯೇ ಬಂತು. ಎಷ್ಟು ಚೆನ್ನಾಗಿ ಬಂತು ಅಂದರೆ, ಆಡಿದವರೆಲ್ಲ ಚಿರತೆಯನ್ನು ಓಡಿಸಿದ ಖುಷಿಯಲ್ಲೇ ಮನೆ ಬಾಗಿಲಿಗೆ ಬಂದು, ಗುಂಡಿ ಒತ್ತಿ, ಸಾವು ಹೇಳಿ ಮುಂದೆ ಓಡುತ್ತಿದ್ದರು. ಕಿತ್ತು ಹಾಕಿದೆ. ಹೊರಗಿನವರ ಮಾತಿನಿಂದ ನನ್ನ ಆಟ ಹಾಳಾಗುತ್ತೆ ಅನ್ನುವ ಸಿಟ್ಟು ಅವತ್ತಿನಿಂದ ಒಳಗೆ ಕೂತಿತು. ಇನ್ನು ಯಾರನ್ನೂ ಕೇಳುವುದಿಲ್ಲ, ಇರುವ ಹಾಗೇ ಮುಗಿಸಿಬಿಡುತ್ತೇನೆ ಅಂದುಕೊಂಡಿದ್ದೆ.

ನಮ್ಮ ಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಮೇಷ್ಟ್ರೊಬ್ಬರಿದ್ದರು. ನನ್ನದೇ ವಯಸ್ಸು. ಹಳೇಕೋಟೆಯಿಂದ ಸೈಕಲ್ಲಿನಲ್ಲಿ ಬಂದು ಹೋಗುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಎದುರು ಬದುರು ಕೂರುತ್ತಿದ್ದೆವು. ಒಂದೆರಡು ಭಾನುವಾರ ನಮ್ಮ ಮನೆಗೂ ಬಂದಿದ್ದರು, ಆದರೆ ತಿನ್ನುವುದಕ್ಕೆ ಏನೇ ಕೊಟ್ಟರೂ "ಈಗ್ತಾನೆ ತಿಂದ್ಕಂಡ್ ಬಂದೆ" ಅನ್ನುವರು. ಆಟವನ್ನು ಕೊನೆತನಕ ಆಡಿದ್ದು ಅವರೊಬ್ಬರೇ. ಆದರೂ ಏನೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ನಾನೇ ಕೆದಕಿದೆ.

"ಮೇಷ್ಟ್ರೇ, ನೀವಾದರೂ ನಿಜ ಹೇಳಿ. ಏನು ತಪ್ಪಿದೆ ಆಟದಲ್ಲಿ?"

ಅವರು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಪೆನ್ನಿನ ಮುಚ್ಚಳ ಹಾಕಿದರು. "ನಿಮ್ಮಾಟದಲ್ಲಿ ಆ ಮನುಷ್ಯ ಓದ್ ಮನೇಲೆಲ್ಲ ಒಳಗೆ ಕರೀತಾರೆ. ಜಗಲಿ ಮೇಲೆ ಕೂರುಸ್ತಾರೆ. ಬೆಲ್ಲ ಕೊಡ್ತಾರೆ, ತಂಬಿಗೇಲಿ ನೀರು ಕೊಡ್ತಾರೆ. ನೀರು ಕುಡುದ್ರೆ ಶಕ್ತಿ ಬತ್ತದೆ."

"ಹೌದು."

"ಅವನು ಯಾರು ಅನ್ಕಂಡಿದೀರಿ?"

"ಹಳೇಕೋಟೆ ಕಡೆಯ ಒಬ್ಬ ಆಳು..." ಅಂತ ಶುರುಮಾಡಿದೆ.

"ನಮ್ ತಾತ ಕಣ್ ಮೇಷ್ಟ್ರೇ ಅವನು. ನಿಮ್ಮನೆ ಗದ್ದೆ ಮಾಡ್ತಿದ್ದೋನು. ನಿಮ್ಮನೆ ಸುದ್ದಿ ಒಯ್ತಿದ್ದೋನು. ನಿಮ್ಮನೆ ಜಗಲಿ ಹತ್ತುದ್ನ ಅವನು ಕನಸಲ್ಲೂ ಕಂಡಿರ್ನಿಲ್ಲ."

"ನೀವು ಹೇಳಲೇ ಇಲ್ಲವಲ್ಲ?"

"ನೀವ್ ಕೇಳುದ್ರಾ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಗಂಟೆ ಹೊಡೆಯಿತು, ಪತ್ರಿಕೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕ್ಲಾಸಿಗೆ ಹೋದರು.

ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಮಾತಾಡಿಸಬಾರದು ಅಂತ ಅತ್ತೆ ಹೇಳಿದ್ದು ನಿಜ. ಹಳೇಕೋಟೆಯವನು ಸುದ್ದಿ ತಂದ ಅಂದದ್ದೂ ನಿಜ. ಎರಡನ್ನೂ ಅವಳು ಬೇರೆ ಬೇರೆ ದಿನ, ಬೇರೆ ಬೇರೆ ಮಾತಿಗೆ ಹೇಳಿದ್ದಳು. ಜೋಡಿಸಿ ಒಂದು ಮಾಡಿದವನು ನಾನು. ನಮ್ಮಂಥವರ ಮನೆಯಲ್ಲಿ, ಕೇರಿಯಿಂದ ಬಂದವನು ಅಂಗಳದಲ್ಲಿ ಎಲ್ಲಿಯವರೆಗೆ ಬರಬಹುದು ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಕತೆಯಲ್ಲಿ ಅದು ಕೇಳಿಸುವುದಿಲ್ಲ. ಚಿರತೆ ವಿಷಯದಲ್ಲಿ ಬಂದ ಸಿಟ್ಟು ಈಗ ಬರಲಿಲ್ಲ. ಆ ಆಟದಲ್ಲಿ ನಾನು ಉಳಿಸಬೇಕು ಅಂದುಕೊಂಡಿದ್ದು ಅತ್ತೆಯ ಮನೆಯನ್ನು. ಬಾಯಾರಿದವರನ್ನು ಹಾಗೇ ಕಳಿಸದ ಮನೆಯನ್ನು. ಕೊನೆಯ ದೃಶ್ಯದಲ್ಲಿ ಆ ಹುಡುಗಿ ತಾನೇ ತಂಬಿಗೆ ತಂದು ಕೊಟ್ಟು, ಅವನು ಕುಡಿಯುವವರೆಗೆ ಕಾದು, ಆಮೇಲೆ ಸುದ್ದಿ ಕೇಳುತ್ತಾಳೆ. ಅದನ್ನು ಬರೆದ ದಿನ ನಾನು ಅತ್ತಿದ್ದೆ. ಅದು ಸುಳ್ಳಾದರೆ ಮೂರು ವರ್ಷದ ಕೆಲಸದಲ್ಲಿ ಉಳಿಯುವುದೇನು?

ಆಟ ಕೈಬಿಡುತ್ತೇನೆ ಅಂತ ಸಮಾಜದ ಮೇಷ್ಟ್ರಿಗೆ ಹೇಳಿದೆ. "ಬುಡೋದ್ಯಾಕೆ? ನಮ್ಮಪ್ಪ ಅವ್ರೆ, ಬಂದು ಕೇಳಿ" ಅಂದರು.

ಮುಂದಿನ ಭಾನುವಾರ ಹಳೇಕೋಟೆಗೆ ಹೋದೆ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಪುಸ್ತಕಗಳ ಸಾಲು. ಅವರ ತಂದೆ ಮಂಚದ ಮೇಲೆ ಕೂತು, ನಾನು ಕಾಗದದಲ್ಲಿ ಬರೆದು ಒಯ್ದಿದ್ದ ಆಟದ ದಾರಿಯ ನಕ್ಷೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಯಾವನಾದ್ರೂ ಪಟ್ಣದಿಂದ ನರಸೀಪುರಕ್ಕೆ ಅರಕಲಗೂಡು ಮೇಲೆ ಬತ್ತಾನಾ ಸಾ?"

"ಆಟಕ್ಕೆ ಅಂತ ಸ್ವಲ್ಪ ಸುತ್ತು ಮಾಡಿದೀನಿ."

"ನಡಿಯೋ ಕಾಲು ನಿಮ್ದಲ್ವಲ್ಲ" ಅಂದು ಮುದುಕರು ನಕ್ಕರು. ಮಗನೂ ನಕ್ಕರು. ನಾನೂ ನಗಬೇಕಾಯಿತು.

ನೀರಿನ ವಿಷಯ ಕೇಳಿದೆ. ಮನೆಯವರು ಮುಟ್ಟದ ಹಾಗೆ ಕೈಗೆ ಮೇಲಿಂದ ನೀರು ಹೊಯ್ಯುತ್ತಿದ್ದರಂತೆ, ಅದನ್ನು ಬರೆಯಲೇ ಅಂದೆ. ನಿಜ ಬರೆಯುವುದಾದರೆ ಪೂರ್ತಿ ಬರೆಯಬೇಕು ಅಂತ ಆವೇಶ ಬಂದಿತ್ತು ನನಗೆ.

ಮುದುಕರು ಬೇಡ ಅನ್ನುವಂತೆ ತಲೆ ಆಡಿಸಿದರು. "ಅದ ನೋಡಿ ಅಯ್ಯೋ ಪಾಪ ಅನ್ಲಿ ಅಂತ್ಲಾ? ನಮ್ಮಪ್ಪ ಯಾರ್ ಮನೆ ನೀರೂ ಕುಡೀತಿರ್ನಿಲ್ಲ ಸಾ. ಹೊಯ್ತೀನಿ ಅಂದ್ರೂ ಕೈ ಒಡ್ತಿರ್ನಿಲ್ಲ. ಒಳೆ ಮರಳಲ್ಲಿ ಒರತೆ ತೋಡ್ಕಂಡು, ಕುಡ್ಕಂಡು, ಒಂಟೋಗೋನು. ಎಲ್ಲಿ ತೋಡುದ್ರೆ ನೀರು ಬತ್ತದೆ ಅನ್ನೋದು ಅವನಿಗೆ ಗೊತ್ತಿತ್ತು. ಅಂಗ್ ನಡಿಯೋನು ಈ ಸೀಮೇಲೇ ಇರ್ನಿಲ್ಲ. ಅದ ಬರೀರಿ."

ಅದನ್ನೇ ಬರೆದೆ. ಮನೆಗಳಿಂದ ತಂಬಿಗೆ, ಬೆಲ್ಲ ಎಲ್ಲ ತೆಗೆದೆ. ಸುದ್ದಿ ಒಯ್ಯುವವನು ಅಂಗಳದ ಅಂಚಿನಲ್ಲಿ ನಿಂತು ಹೇಳುತ್ತಾನೆ, ಹೊರಡುತ್ತಾನೆ. ಶಕ್ತಿ ಬೇಕಾದರೆ ಹೊಳೆಯಲ್ಲಿ, ಹಳ್ಳದಲ್ಲಿ ತಾನೇ ಒರತೆ ತೋಡಬೇಕು. ಸುತ್ತು ದಾರಿಯನ್ನು ಬಿಡಲಿಲ್ಲ, ಆದರೆ ಅರಕಲಗೂಡಿನ ದಾರಿಯಲ್ಲಿ ನಾನೇ ಒಂದು ಸಲ ನಡೆದು ಬಂದು, ಹಳ್ಳ ಎಲ್ಲೆಲ್ಲಿದೆ ನೋಡಿ, ನಕ್ಷೆ ತಿದ್ದಿದೆ. ಒಂದೂವರೆ ವರ್ಷ ಹಿಡಿಯಿತು.

ಚನ್ನರಾಯಪಟ್ಟಣದ ಸೈಬರ್ ಕೆಫೆಯವರಿಗೆ ಮತ್ತೆ ತೋರಿಸಿದೆ. "ನೀರು ಸಿಗಲ್ಲ ಅಂತ ಎರಡನೇ ಊರಿಗೇ ಎಲ್ಲಾ ಎದ್ದೋಯ್ತಾರೆ ಸಾ" ಅಂದರು. "ಗೊತ್ತಿಲ್ಲದೋನಿಗೆ ಮರಳೆಲ್ಲಾ ಒಂದೇ ಥರ ಕಾಣ್ತದೆ." ಚಿರತೆಯ ಮಾತಿನ ಹಾಗೆ ಇದನ್ನು ತಳ್ಳಿಹಾಕುವ ಮೊದಲು ಒಂದು ದಿನ ಬಿಟ್ಟು ನೋಡಿದೆ. ಅವರು ಹೇಳಿದ್ದು ಸರಿ ಇತ್ತು. ನೀರಿರುವ ಕಡೆ ಮರಳಿನ ಬಣ್ಣವನ್ನು ಒಂದು ಚೂರು ಗಾಢ ಮಾಡಿದೆ. ಕಣ್ಣಿಟ್ಟು ನೋಡುವವರಿಗೆ ಕಾಣುವಷ್ಟು.

ಉಳಿದದ್ದು ಕೊನೆಯ ಮನೆ. ಅಲ್ಲಿ ಏನು ಬರೆಯಬೇಕು ಅಂತ ತಿಳಿಯಲಿಲ್ಲ. ತಂಬಿಗೆ ತೆಗೆದ ಮೇಲೆ ಆ ಹುಡುಗಿಯ ಕೈ ಖಾಲಿ. ಸಮಾಜದ ಮೇಷ್ಟ್ರನ್ನು ಕೇಳಿದೆ. ಅವರು "ಬಾಗಿಲು ಅರ್ಧ ತೆಗುದಿರ್ಲಿ. ನಿಮ್ಮತ್ತೆಯೋರು ಒಳಗೆ ನಿಂತು ಕೇಳ್ಲಿ. ವಯಸ್ಸಾದೋರು, ನೋಡ್ತಾರೆ ನಾಳೆ. ನೊಂದ್ಕಳದು ಬ್ಯಾಡ" ಅಂದರು. ತಮ್ಮ ತಾತನನ್ನು ಅಂಗಳದಲ್ಲಿ ನಿಲ್ಲಿಸಿದ ಮನೆಯ ಮುದುಕಿ ನೊಂದುಕೊಳ್ಳಬಾರದು ಅಂತ ಯೋಚಿಸಿದ ಮನುಷ್ಯ ಅವರು. ನಾನು ಹಾಗೇ ಬರೆದೆ. ಅರ್ಧ ತೆರೆದ ಬಾಗಿಲು, ಕತ್ತಲಲ್ಲಿ ಸೀರೆಯ ಅಂಚು.

ಅತ್ತೆಗೆ ಆಗ ಎಂಬತ್ತರ ಹತ್ತಿರ. ಒಂದು ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರ್ ಮುಂದೆ ಕುರ್ಚಿ ಹಾಕಿ ಕೂರಿಸಿದೆ. ನಾನು ಆಡಿದೆ, ಅವಳು ನೋಡಿದಳು. ಅಕ್ಷರ ಓದಿ ಹೇಳುತ್ತಿದ್ದೆ. ಅರಕಲಗೂಡಿನ ಮನೆಯಲ್ಲಿ, ಊಟಕ್ಕೆ ಕೂತವರು ಕೈ ತೊಳೆಯುವವರೆಗೆ ಅವನು ಕಾದಾಗ, "ಹೂಂ, ಹಾಗೆ" ಅಂದಳು. ಕೊನೆಗೆ ನಮ್ಮ ಬೀದಿ ಬಂತು, ನಮ್ಮ ಮನೆ ಬಂತು.

"ಒಳಗೆ ನಿಂತಿರೋದು ಯಾರು?"

"ನೀನೇ ಅತ್ತೆ."

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. "ಬಾಗಿಲು ಯಾಕೆ ತೆರೆದಿದೆ?"

"ಅರ್ಧ ಮಾತ್ರ..."

"ಬಾಗಿಲು ಹಾಕಿತ್ತು ಕಣೋ. ನಾನೇ ಹಾಕಿದ್ದೆ."

ಅವಳು ಪರದೆಯ ಕಡೆಯೇ ನೋಡುತ್ತಾ ಹೇಳಿದಳು.

"ಕಿಟಕಿಯಿಂದ ಕಂಡೆ ಅವನು ಬರೋದು. ನಡಿಗೆ ನೋಡಿದ ಕೂಡಲೇ ತಿಳೀತು. ಓಡಿ ಬಂದು ಬಾಗಿಲು ಹಾಕಿ ಅಗುಳಿ ಜಡಿದೆ. ಮನೇಲಿ ಬೇರೆ ಯಾರೂ ಇರಲಿಲ್ಲ. ಅವನು ಬಾಗಿಲು ತಟ್ಟೋ ಹಾಗಿಲ್ಲ, ಮುಟ್ಟೋ ಹಾಗಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ. ಹೇಳದೆ ಇದ್ದರೆ ಆಗಿಲ್ಲ ಅಂತ ಅನ್ನಿಸಿತೋ ಏನೋ, ಹದಿನೇಳು ವರ್ಷ ನನಗೆ."

"ಅವನು?"

"ನಿಂತಿದ್ದ. ಮಧ್ಯಾಹ್ನದಿಂದ ಹೊತ್ತು ಇಳಿಯೋವರೆಗೂ ಬಿಸಿಲಲ್ಲಿ ನಿಂತಿದ್ದ. ಕೂಗಲೂ ಇಲ್ಲ. ನಿಮ್ಮ ತಾತ ಬಂದ ಮೇಲೆ ಅವರಿಗೆ ಹೇಳಿದ, ಮೆಲ್ಲಗೆ. ಒಳಗೆ ಕೇಳಿಸಿತು." ಆಮೇಲೆ, "ಮುಖ ನಾನು ಸರಿಯಾಗಿ ನೋಡಲೇ ಇಲ್ಲ" ಅಂದಳು.

"ನೀರು..." ಅಂದೆ. ಕೇಳಬಾರದಿತ್ತೇನೋ.

"ಅವನು ಕೇಳಲಿಲ್ಲ. ನಾನೂ ಕೊಡಲಿಲ್ಲ." ಕುರ್ಚಿಯ ಕೈ ಹಿಡಿದು ಎದ್ದಳು. "ಬರೆಯೋದಾದರೆ ಹಾಕಿದ ಬಾಗಿಲು ಬರಿ. ಇಲ್ಲದಿದ್ದರೆ ನನ್ನನ್ನ ತೆಗೆದುಬಿಡು."

ಇದನ್ನು ಸಮಾಜದ ಮೇಷ್ಟ್ರಿಗೆ ಹೇಳದೆ ಬರೆಯುವ ಹಾಗಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇಲ್ಲದಾಗ ಹೇಳಿದೆ. ಅತ್ತೆ ಕಲಿಸಿದ ಕ್ರಮವೆಲ್ಲ ಮರೆತು, ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು.

"ಎಷ್ಟೊತ್ತು ಅಂದ್ರು?"

"ಮಧ್ಯಾಹ್ನದಿಂದ ಹೊತ್ತು ಇಳಿಯೋವರೆಗೆ."

"ಆಟದಲ್ಲೂ ಅಷ್ಟೇ ಹೊತ್ತು ಮಡಗಿ."

"ಮೇಷ್ಟ್ರೇ, ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡು ಎಲ್ಲರೂ ಎದ್ದು ಹೋಗುತ್ತಾರೆ."

"ಎದ್ ಓಗ್ಲಿ. ಅವನಿಗೆ ಎದ್ ಓಗಕಾಗ್ತಿತ್ತಾ?"

ಅಷ್ಟು ಹೊತ್ತು ಇಡಲು ನನಗೆ ಧೈರ್ಯ ಬರಲಿಲ್ಲ. ಅದನ್ನು ಒಪ್ಪಿಕೊಳ್ಳಬೇಕು. ಹದಿನೈದು ನಿಮಿಷ ಇಟ್ಟೆ. ಅಂಗಳದ ಅಂಚಿಗೆ ಬಂದ ಮೇಲೆ ಯಾವ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ಆರಿಸಿಕೊಳ್ಳಲು ಒಂದು ಮಾತೂ ಬರುವುದಿಲ್ಲ. ಹಾಕಿದ ಬಾಗಿಲು, ನಿಂತ ಮನುಷ್ಯ, ನಿಧಾನವಾಗಿ ಉದ್ದವಾಗುವ ನೆರಳು. ಹದಿನೈದು ನಿಮಿಷಕ್ಕೆ ಬೀದಿಯ ತುದಿಯಲ್ಲಿ ತಾತ ಕಾಣಿಸುತ್ತಾರೆ. ಚನ್ನರಾಯಪಟ್ಟಣದ ಕೆಫೆಯವರು ಇದನ್ನು ನೋಡಿ, ಆಟ ಇಲ್ಲಿ ಸತ್ತೋಯ್ತು ಸಾ, ಅಂದರು. ಆ ಮಾತನ್ನು ಕೇಳಿಕೊಂಡೆ, ತಿದ್ದಲಿಲ್ಲ. ಸಿ.ಡಿ. ಮಾಡಿ ಕೊಟ್ಟವರಲ್ಲಿ ಹೆಚ್ಚಿನವರು ಆ ಬಾಗಿಲಿನ ಮುಂದೆಯೇ ಎದ್ದು ಹೋದವರು. ಇನ್ನೊಂದಿಷ್ಟು ಜನಕ್ಕೆ ಅಲ್ಲಿಯವರೆಗೂ ಬರಲಾಗಲಿಲ್ಲ.

ಸಮಾಜದ ಮೇಷ್ಟ್ರು ಒಂದು ಶನಿವಾರ, ಸ್ಕೂಲು ಬಿಟ್ಟ ಮೇಲೆ ಅಲ್ಲಿಯ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತು ಪೂರ್ತಿ ಆಡಿದರು. ಒರತೆ ತೋಡುವಲ್ಲಿ ಒಮ್ಮೆ ಸಣ್ಣಗೆ ನಕ್ಕರು. ನಮ್ಮ ಬೀದಿಗೆ ಬಂದರು. ಬಾಗಿಲು ಹಾಕಿತ್ತು. ಒಂದೆರಡು ಸಲ ಗುಂಡಿ ಒತ್ತಿ ನೋಡಿದರು, ಆಮೇಲೆ ಕೀಲಿಗಳ ಮೇಲಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಪಕ್ಕದ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿ, "ಕೂತ್ಕಳಿ ಮೇಷ್ಟ್ರೇ, ಇನ್ನೂ ಹೊತ್ತದೆ" ಅಂದರು. ನನಗೆ ಕೂರಲಾಗಲಿಲ್ಲ. ನೆರಳು ಅಂಗಳ ದಾಟುವವರೆಗೂ ಅವರ ಹಿಂದೆ ನಿಂತೇ ಇದ್ದೆ.